ಕೀನ್ ವಂಡರ್ ಗಣಿ ಚಾರಣ: ನೀರು, ಬೂಟು, ಸುರಂಗ?

ಮರಳುಗಾಡಿ:
ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೊರಟಿದ್ದೇವೆ. ಕೀನ್ ವಂಡರ್ ಚಿನ್ನದ ಗಣಿಯಲ್ಲಿ ಹಿಂದೆ ಅದಿರು ಇಳಿಸುತ್ತಿದ್ದ ರೋಪ್‌ವೇಯ ಮೇಲಿನ ನಿಲ್ದಾಣದವರೆಗೂ ಹತ್ತಬೇಕು. ತಲಾ ಎಷ್ಟು ನೀರು ಒಯ್ಯಬೇಕು? ಸುರಂಗದೊಳಗೆ ಹೋಗಬಹುದಾ?

ಕಲ್ಲುದಾರಿ:
ದೂರ ನೋಡಿ ಮೋಸ ಹೋಗಬೇಡಿ. ಒಂದು ಕಡೆಗೆ 2 ಕಿ.ಮೀ. ಚಿಲ್ಲರೆ ಅಷ್ಟೇ, ಆದರೆ ಅಷ್ಟರಲ್ಲೇ ಸುಮಾರು 450 ಮೀಟರ್ ಏರಬೇಕು, ನೆರಳೇ ಇಲ್ಲ. ಚಳಿಗಾಲದಲ್ಲೂ ತಲಾ 3 ಲೀಟರ್ ಇರಲಿ, ಕಾರಿನಲ್ಲಿ ಇನ್ನೊಂದಷ್ಟು. ಒಣಗಾಳಿಗೆ ಬೆವರು ಕ್ಷಣದಲ್ಲಿ ಆರುವುದರಿಂದ ಮೈಯ ನೀರು ಹೋಗಿದ್ದೇ ತಿಳಿಯುವುದಿಲ್ಲ. ಅದಕ್ಕೇ ಬಾಯಾರಿಕೆಗೆ ಕಾಯದೆ ಗುಟುಕರಿಸುತ್ತಿರಿ, ಜೊತೆಗೆ ಉಪ್ಪಿನ ತಿಂಡಿ. ಅರ್ಧ ನೀರು ಮುಗಿದರೆ ಎಲ್ಲಿದ್ದರೂ ವಾಪಸ್.

ಕಷ್ಟವಿರುವುದು ಇಳಿಯುವಾಗ. ಸಡಿಲ ಜಲ್ಲಿಯ ಮೇಲೆ ಹಿಮ್ಮಡಿ ಜಾರುತ್ತದೆ, ಬೆರಳು ಬೂಟಿನ ಮೂತಿಗೆ ಬಡಿಯುತ್ತದೆ. ಮೇಲೆಯೇ ಲೇಸನ್ನು ಪಾದದ ಗಂಟಿನ ಹತ್ತಿರ ಬಿಗಿದು ಕಟ್ಟಿ, ಹೆಜ್ಜೆ ಚಿಕ್ಕದಿಡಿ. ಕೋಲು ಖಂಡಿತ ಬೇಕು.

ಗಣಿಗಣ್ಣು:
ಸುರಂಗ, ಬಾವಿಗಳ ಹತ್ತಿರ ಸುಳಿಯಲೇಬೇಡಿ. ಒಳಗೆ ಆಮ್ಲಜನಕ ಕಡಿಮೆಯಿರಬಹುದು, ಕೊಳೆತ ಹಲಗೆಯ ಕೆಳಗೆ ಆಳದ ಗುಂಡಿ ಇರಬಹುದು. 2008ರಲ್ಲಿ ಈ ಜಾಗ ಮುಚ್ಚಿದ್ದು ಇಂಥ ಅಪಾಯಗಳಿಗಾಗಿಯೇ, ಮತ್ತೆ ತೆರೆದದ್ದು 2017ರಲ್ಲಿ. ರೋಪ್‌ವೇಯ ಮರದ ಗೋಪುರಗಳು ನೂರು ವರ್ಷಕ್ಕೂ ಹಳೆಯವು. ದೂರದಿಂದಲೇ ನೋಡಿ, ಒರಗಬೇಡಿ, ಹತ್ತಬೇಡಿ. ಅದಿರಿನ ಪುಡಿ ಮುಟ್ಟಿದ ಕೈಯಲ್ಲಿ ತಿನ್ನಬೇಡಿ.

ಕಲ್ಲುದಾರಿ:
ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಬೇಸಿಗೆಯಲ್ಲಂತೂ ಬೆಳಗ್ಗೆ 10ರ ನಂತರ ಈ ದಾರಿ ಬೇಡವೇ ಬೇಡ.