ವೈಫೈ ಎಕ್ಸ್‌ಟೆಂಡರ್: ವರ್ಧಕವೋ, ವಿಸ್ತರಕವೋ, ಮರುಪ್ರಸಾರಕವೋ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ವೈಫೈ ಎಕ್ಸ್‌ಟೆಂಡರ್ (ರೂಟರಿನ ವೈಫೈ ಸರಿಯಾಗಿ ತಲುಪದ ಕೋಣೆಗೂ ಅದನ್ನು ತಲುಪಿಸುವ ಸಾಧನ) ಹಾಕಿಕೊಳ್ಳುವುದು ಹೇಗೆ ಎಂದು ತಿಳಿಸುವ ಒಂದು ಕಿರು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಬಾರದವರೂ ಇನ್ನೊಬ್ಬರ ನೆರವಿಲ್ಲದೆ ಓದಿಕೊಂಡು ಕೆಲಸ ಮುಗಿಸುವಂತಿರಬೇಕು ಎಂಬುದು ನನ್ನ ಆಸೆ. ಕೆಲವು ಪದಗಳ ಹತ್ತಿರ ಬರವಣಿಗೆ ನಿಂತಿದೆ, ಬಲ್ಲವರು ನೆರವಾಗಬೇಕು.

ಮೊದಲ ತೊಡಕು ಸಾಧನದ ಹೆಸರೇ. ಮಾತಿನಲ್ಲಿ ಇದನ್ನು ‘ಬೂಸ್ಟರ್’ ಎನ್ನುವವರೇ ಹೆಚ್ಚು. ಅದನ್ನೇ ಹಿಡಿದು ‘ಸಿಗ್ನಲ್ ವರ್ಧಕ’ ಎಂದು ಬರೆಯಬಹುದು, ಕೇಳಲೂ ಚೆನ್ನಾಗಿದೆ. ಆದರೆ ವರ್ಧಕ ಎಂದ ಕೂಡಲೇ ನಮಗೆ ನೆನಪಾಗುವುದು ಧ್ವನಿವರ್ಧಕ, ಸಣ್ಣ ದನಿಯನ್ನು ದೊಡ್ಡದು ಮಾಡುವ ಸಾಧನ. ಹಾಗೆ ಅರ್ಥ ಮಾಡಿಕೊಂಡವರು ಎಕ್ಸ್‌ಟೆಂಡರನ್ನು ಸಿಗ್ನಲ್ ಬಾರದ ಕೋಣೆಗೇ ಒಯ್ದು ಪ್ಲಗ್‌ಗೆ ಸಿಕ್ಕಿಸುತ್ತಾರೆ. ಇರುವ ಸ್ವಲ್ಪವನ್ನು ಅದು ಜೋರು ಮಾಡಿಕೊಡುತ್ತದೆ ಎಂಬ ನಂಬಿಕೆ. ಆಗ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿರುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ಆ ಕಡ್ಡಿಗಳು ತೋರಿಸುವುದು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನ ಸಂಪರ್ಕವನ್ನಷ್ಟೇ. ಎಕ್ಸ್‌ಟೆಂಡರಿಗೂ ರೂಟರಿಗೂ ನಡುವೆ ಏನಾಗುತ್ತಿದೆ ಎಂಬುದು ಅಲ್ಲಿ ಕಾಣುವುದೇ ಇಲ್ಲ.

ಸಾಧನ ನಿಜವಾಗಿ ಮಾಡುವ ಕೆಲಸ ಬೇರೆ. ರೂಟರ್ ಕಳಿಸಿದ್ದನ್ನು ಪೂರ್ತಿ ಪಡೆದುಕೊಂಡು, ತಾನು ಹೊಸದಾಗಿ ಮತ್ತೆ ಕಳಿಸುತ್ತದೆ. ಸಾಲಾಗಿ ನಿಂತು ಇಟ್ಟಿಗೆ ಸಾಗಿಸುವವರಲ್ಲಿ ನಡುವೆ ನಿಂತವನ ಹಾಗೆ: ಅವನ ಕೈಗೆ ಇಟ್ಟಿಗೆ ಬರದಿದ್ದರೆ ಮುಂದಿನವನಿಗೆ ಕೊಡಲು ಏನೂ ಇರುವುದಿಲ್ಲ. ಹಾಗಾಗಿ ‘ವರ್ಧಕ’ವನ್ನು ಕೈಬಿಡಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸಾಧನವನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲೇ ಆ ಪದ ದಾರಿ ತಪ್ಪಿಸುತ್ತದೆ.

‘ವಿಸ್ತರಕ’ ತಪ್ಪಲ್ಲ, ಆದರೆ ಪುಸ್ತಕದ ಪದವಾಗಿಯೇ ಉಳಿಯುತ್ತದೆ. ‘ಮರುಪ್ರಸಾರಕ’ ಅರ್ಥಕ್ಕೆ ತುಂಬ ಹತ್ತಿರ. ಟೆಲಿವಿಷನ್ನಿನ ‘ಮರುಪ್ರಸಾರ ಕೇಂದ್ರ’ ಮಾಡುತ್ತಿದ್ದುದೂ ಪಡೆದು ಮತ್ತೆ ಕಳಿಸುವ ಕೆಲಸವನ್ನೇ. ಆದರೆ ಮರುಪ್ರಸಾರ ಎಂದರೆ ಈಗ ಹೆಚ್ಚಿನವರಿಗೆ ನಿನ್ನೆಯ ಧಾರಾವಾಹಿ ಇಂದು ಮತ್ತೆ ಬರುವುದು. ಸದ್ಯಕ್ಕೆ ನಾನು ‘ಎಕ್ಸ್‌ಟೆಂಡರ್’ ಎಂಬ ಹೆಸರನ್ನೇ ಉಳಿಸಿಕೊಂಡು, ಕ್ರಿಯಾಪದವಾಗಿ ‘ದಾಟಿಸು’ ಎಂದು ಬಳಸಿದ್ದೇನೆ: ‘ರೂಟರ್‌ನಿಂದ ಪಡೆದದ್ದನ್ನು ಎಕ್ಸ್‌ಟೆಂಡರ್ ನಿಮ್ಮ ಫೋನಿಗೆ ದಾಟಿಸುತ್ತದೆ.’ ವೇಗ ಏಕೆ ಕುಗ್ಗುತ್ತದೆ ಎಂದು ಹೇಳುವಾಗಲೂ ಈ ಕ್ರಿಯಾಪದ ನೆರವಿಗೆ ಬರುತ್ತದೆ. ಒಂದೇ ಬ್ಯಾಂಡಿನ (ಒಂದೇ ರೇಡಿಯೊ ಅಲೆಪಟ್ಟಿಯ) ಎಕ್ಸ್‌ಟೆಂಡರ್ ಪಡೆಯುವುದೂ ದಾಟಿಸುವುದೂ ಒಂದೇ ಚಾನೆಲ್‌ನಲ್ಲಿ, ಸರದಿಯಂತೆ. ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡೂ ಬ್ಯಾಂಡ್ ಇರುವ ಸಾಧನ ಒಂದರಲ್ಲಿ ಪಡೆದು ಇನ್ನೊಂದರಲ್ಲಿ ದಾಟಿಸಬಲ್ಲದು.

ಜಾಗ ಹೇಳುವ ವಾಕ್ಯವೂ ಸುಲಭವಾಗಿಲ್ಲ. ‘ರೂಟರ್ ಮತ್ತು ಕೋಣೆಯ ನಡುವೆ’ ಎಂದರೆ ಎಲ್ಲಾದರೂ ಸರಿ ಎಂದಾಗುತ್ತದೆ. ‘ಅರ್ಧ ದಾರಿಯಲ್ಲಿ ಇಡಿ, ಅನುಮಾನ ಬಂದರೆ ರೂಟರ್ ಕಡೆಗೇ ಜರುಗಿಸಿ’ ಎಂದು ಬರೆದಿದ್ದೇನೆ. ಸಿಗ್ನಲ್ ಅಳೆಯುವ ಆ್ಯಪ್‌ಗಳ ವಿಷಯ ಬಂದಾಗ ಇನ್ನೊಂದು ಸಮಸ್ಯೆ. ಅವು ಡಿಬಿಎಂ ಎಂಬ ಅಳತೆಯಲ್ಲಿ ಋಣ ಸಂಖ್ಯೆಗಳನ್ನು ತೋರಿಸುತ್ತವೆ: -50 ಬಂದರೆ ಬಹಳ ಚೆನ್ನ, -67ರ ಆಸುಪಾಸಿನವರೆಗೆ ವಿಡಿಯೊ ಕರೆಗೆ ಅಡ್ಡಿಯಿಲ್ಲ, -80 ಆದರೆ ನೆಚ್ಚುವಂತಿಲ್ಲ. ‘-67ಕ್ಕಿಂತ ಹೆಚ್ಚಿರುವ ಜಾಗ ಹುಡುಕಿ’ ಎಂಬುದು ಲೆಕ್ಕಕ್ಕೆ ಸರಿ, ಓದುವವರಿಗೆ ಅಲ್ಲ. ಅಂಕಿಯ ಎಡಕ್ಕಿರುವ ಋಣ ಚಿಹ್ನೆಯನ್ನು ಬಿಟ್ಟು ಅಂಕಿಯನ್ನಷ್ಟೇ ನೋಡಿದವರು 80 ಇರುವ ಜಾಗವನ್ನೇ ಆರಿಸುತ್ತಾರೆ. ‘ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು’ ಎಂದರೆ ಸಾಕೇ? ಇದಕ್ಕಿಂತ ಒಳ್ಳೆಯ ಮಾತಿದ್ದರೆ ದಯವಿಟ್ಟು ತಿಳಿಸಿ.

ಎಕ್ಸ್‌ಟೆಂಡರಿನ ಮೇಲಿನ ಪುಟ್ಟ ದೀಪಗಳ ವಿಷಯದಲ್ಲಿ ನನಗೆ ಸಂದೇಹವಿಲ್ಲ. ‘ಮಿನುಗು’ ನಕ್ಷತ್ರಕ್ಕೆ ಒಪ್ಪುವ ಪದ. ಇಲ್ಲಿ ‘ಹತ್ತಿ ಆರಿ ಮಾಡುತ್ತದೆ’, ‘ಒಂದೇ ಸಮನೆ ಉರಿಯುತ್ತದೆ’ ಎಂದೇ ಬರೆದಿದ್ದೇನೆ.

ನಿಜಕ್ಕೂ ಕಳವಳ ಹುಟ್ಟಿಸುವುದು ‘ಮರುಹೊಂದಿಸಿ’. ರೀಸೆಟ್ ಎಂಬುದಕ್ಕೆ ತಂತ್ರಾಂಶಗಳ ಕನ್ನಡದಲ್ಲಿ ಈ ಪದ ಸಾಕಷ್ಟು ಕಾಣಿಸುತ್ತದೆ, ಪಕ್ಕದಲ್ಲೇ ರೀಸ್ಟಾರ್ಟ್‌ಗೆ ‘ಮರುಪ್ರಾರಂಭಿಸಿ’ ಇರುತ್ತದೆ. ಎರಡೂ ‘ಮರು’ ಎಂದೇ ಶುರುವಾಗುವುದರಿಂದ ಅವಸರದಲ್ಲಿ ಒಂದೇ ಅನ್ನಿಸುತ್ತವೆ. ಮರುಪ್ರಾರಂಭಿಸಿದರೆ ಸಾಧನ ಆಫ್ ಆಗಿ ಆನ್ ಆಗುತ್ತದೆ, ಅಷ್ಟೇ. ಸೂಜಿಯಂಥದ್ದನ್ನು ಸಾಧನದಲ್ಲಿರುವ ರೀಸೆಟ್‌ನ ಪುಟ್ಟ ತೂತಿಗೆ ಒತ್ತಿ ಹಿಡಿದು ರೀಸೆಟ್ ಮಾಡಿದರೆ ವೈಫೈ ಹೆಸರು, ಪಾಸ್‌ವರ್ಡ್, ಎಲ್ಲ ಅಳಿಸಿಹೋಗಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ‘ಮರುಹೊಂದಿಸಿ’ ಎಂಬಲ್ಲಿ ಈ ಅಳಿಸಿಹೋಗುವ ಸುಳಿವೇ ಇಲ್ಲ, ಇನ್ನೊಮ್ಮೆ ಸರಿಮಾಡಿ ಎಂದಷ್ಟೇ ಕೇಳಿಸುತ್ತದೆ. ‘ಎಲ್ಲ ಅಳಿಸಿ ಹೊಸದರಂತೆ ಮಾಡಿ’ ಎಂಬುದು ಉದ್ದವಾಯಿತು, ಗೊತ್ತು. ಆದರೂ ಎಚ್ಚರ ಹೇಳಬೇಕಾದ ಕಡೆ ಉದ್ದವಾದರೂ ಇರಲಿ ಎಂಬುದು ನನ್ನ ಪಕ್ಷ.

‘ಪಾಸ್‌ವರ್ಡ್’ ಪದವನ್ನು ಹಾಗೇ ಉಳಿಸಿದ್ದೇನೆ, ಆದರೆ ಬರಿದಾಗಿ ಬಿಟ್ಟಿಲ್ಲ. ಎಕ್ಸ್‌ಟೆಂಡರಿನ ಸೆಟ್ಟಿಂಗ್ ಪುಟಕ್ಕೆ ಒಂದು, ವೈಫೈಗೆ ಇನ್ನೊಂದು. ಯಾವುದನ್ನು ಕೇಳುತ್ತಿದೆ ಎಂದು ಪ್ರತಿ ಸಲವೂ ಬರೆಯಬೇಕು.

ಕಡೆಯ ಪ್ರಶ್ನೆ ‘ಜೋಡಿಸು’ ಕುರಿತು. ಪ್ಲಗ್‌ಗೆ ಹಾಕುವುದೂ ಜೋಡಿಸುವುದೇ, ತಂತಿ ಹಚ್ಚುವುದೂ ಜೋಡಿಸುವುದೇ, ರೂಟರ್ ಮತ್ತು ಎಕ್ಸ್‌ಟೆಂಡರ್‌ಗಳನ್ನು ಪೇರ್ ಮಾಡುವುದೂ (ಒಂದನ್ನೊಂದು ಗುರುತಿಸುವಂತೆ ಮಾಡುವುದೂ) ಜೋಡಿಸುವುದೇ. ಮೊದಲ ಸಲ ಎಕ್ಸ್‌ಟೆಂಡರನ್ನು ರೂಟರ್ ಪಕ್ಕದಲ್ಲೇ ಆನ್ ಮಾಡಿ, ರೂಟರಿನ ಡಬ್ಲ್ಯುಪಿಎಸ್ ಗುಂಡಿ (ಪಾಸ್‌ವರ್ಡ್ ಬರೆಯದೆಯೇ ಪೇರ್ ಮಾಡಿಕೊಡುವ ಗುಂಡಿ) ಒತ್ತಿ, 2 ನಿಮಿಷದೊಳಗೆ ಎಕ್ಸ್‌ಟೆಂಡರಿನ ಗುಂಡಿಯನ್ನೂ ಒತ್ತಬೇಕು. (ಡಬ್ಲ್ಯುಪಿಎ3 ಎಂಬ ವೈಫೈ ಭದ್ರತಾ ವಿಧಾನ ಮಾತ್ರ ಎಂದು ಸೆಟ್ ಮಾಡಿರುವ ರೂಟರಿನಲ್ಲಿ ಈ ದಾರಿ ನಡೆಯದು, ಸೆಟ್ಟಿಂಗ್ ಪುಟದಲ್ಲೇ ಮಾಡಬೇಕು.) ಈ ಹಂತಕ್ಕೆ ‘ಜೋಡಿಸಿ’ ಎಂದು ಬರೆದರೆ ಪ್ಲಗ್‌ಗೆ ಹಾಕಿ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಪ್ಲಗ್‌ಗೆ ‘ಸಿಕ್ಕಿಸಿ’ ಎಂದಿದ್ದೇನೆ. ಪೇರ್ ಮಾಡುವುದಕ್ಕೆ ‘ರೂಟರಿಗೆ ಪರಿಚಯಿಸಿ’ ಎಂದರೆ ನಡೆದೀತೇ, ಅಥವಾ ‘ಪೇರ್ ಮಾಡಿ’ ಎಂದೇ ಬಿಡಬೇಕೇ? ಬ್ಲೂಟೂತ್‌ನಿಂದಾಗಿ ‘ಪೇರ್’ ಎಷ್ಟು ಜನರ ಬಾಯಲ್ಲಿದೆ ಎಂಬುದನ್ನು, ನಿಮ್ಮ ಸುತ್ತ ಅದಕ್ಕೆ ಬೇರೇನಾದರೂ ಅನ್ನುತ್ತಾರೆಯೇ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.