ಶೊಲೆ ಜರ್ದ್: ಪಾಯಸವೋ, ಹುಗ್ಗಿಯೋ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇರಾನಿನ ಮನೆಗಳಲ್ಲಿ ಅಕ್ಕಿ, ಸಕ್ಕರೆ, ಕೇಸರಿ, ಪನ್ನೀರುಗಳಿಂದ ಮಾಡುವ ‘ಶೊಲೆ ಜರ್ದ್’ ಎಂಬ ಸಿಹಿಯಡುಗೆಯ ವಿಧಾನವನ್ನು ಕನ್ನಡದಲ್ಲಿ ಬರೆಯಲು ಹೊರಟು, ಕೆಲವು ಪದಗಳ ಹತ್ತಿರ ತಡೆದು ನಿಂತಿದ್ದೇನೆ. ನಾನು ಈವರೆಗೆ ತಲುಪಿರುವ ತೀರ್ಮಾನಗಳನ್ನೂ ಇನ್ನೂ ಬಗೆಹರಿಯದ ಪ್ರಶ್ನೆಗಳನ್ನೂ ನಿಮ್ಮ ಮುಂದಿಡುತ್ತಿದ್ದೇನೆ. ತಿದ್ದುವವರಿಗೆ ಮೊದಲೇ ಕೃತಜ್ಞತೆಗಳು.

ಕೆಲವು ವರ್ಷಗಳ ಹಿಂದೆ, ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ, ಓದಲೆಂದು ಬಂದಿದ್ದ ಇರಾನಿ ದಂಪತಿ ಬಾಡಿಗೆಗೆ ಇದ್ದರು. ಒಂದು ಸಂಜೆ ಆಕೆ ಅಂಗೈಯಗಲದ ಪಿಂಗಾಣಿ ಬಟ್ಟಲೊಂದನ್ನು ತಂದು ನಮ್ಮ ತಾಯಿಯವರ ಕೈಗಿತ್ತರು. ಬಟ್ಟಲಿನಲ್ಲಿದ್ದ ತಿನಿಸು ಹಳದಿಯಾಗಿ, ನುಣುಪಾಗಿ, ಅಲುಗಿಸಿದರೂ ತುಳುಕದಂತೆ ನಿಂತಿತ್ತು. ಅದರ ಮೇಲೆ ದಾಲ್ಚಿನ್ನಿ ಪುಡಿಯಿಂದ ಒಂದು ಸಾಲು ಬರಹ, ಅಂಚಿಗೆ ಸೀಳು ಬಾದಾಮಿ. ತಾಯಿಯವರು ಒಂದು ಚಮಚ ಬಾಯಿಗಿಟ್ಟುಕೊಂಡು, ‘ಇದು ಪಾಯಸ ಅಲ್ಲ ಕಣೋ, ಹುಗ್ಗಿ’ ಎಂದರು. ಮುಂದೆ ಆಕೆಯಿಂದ ಮಾಡುವ ಬಗೆಯನ್ನು ಕೇಳಿ ಬರೆದುಕೊಂಡು, ಮನೆಯಲ್ಲಿ ಹಲವು ಸಲ ಮಾಡಿ ನೋಡಿದ ಮೇಲೆ, ತಾಯಿಯವರ ಆ ಮಾತಿನಲ್ಲಿ ಒಂದು ಭಾಷಾಂತರದ ತೀರ್ಪೇ ಇತ್ತೆಂದು ನನಗೆ ಮನವರಿಕೆಯಾಗಿದೆ.

ಇಂತಹ ಅಡುಗೆಯನ್ನು ಕನ್ನಡಕ್ಕೆ ತರುವವರ ಲೇಖನಿಗೆ ಮೊದಲು ಬರುವ ಪದ ‘ಕೇಸರಿ ಪಾಯಸ’. ಇದರಲ್ಲಿ ಎರಡು ತೊಡಕುಗಳಿವೆ. ‘ಪಾಯಸ’ದ ಮೂಲ ಸಂಸ್ಕೃತದ ‘ಪಯಸ್’, ಎಂದರೆ ಹಾಲು. ಶೊಲೆ ಜರ್ದ್‌ಗೆ ಒಂದು ಹನಿ ಹಾಲನ್ನೂ ಹಾಕುವುದಿಲ್ಲ. ಹೆಸರುಬೇಳೆ, ಬೆಲ್ಲ, ಕಾಯಿಹಾಲು ಸೇರಿಸಿದ್ದನ್ನೂ ನಾವು ಪಾಯಸವೆಂದೇ ಕರೆಯುವುದರಿಂದ ಈ ಆಕ್ಷೇಪ ನಿಲ್ಲುವುದಿಲ್ಲ ಎಂದು ಯಾರಾದರೂ ಹೇಳಬಹುದು, ಅದು ನ್ಯಾಯವೇ. ಆದರೆ ಪಾಯಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎಲೆಯ ಮೇಲೆ ಹರಿಯುವ, ಲೋಟಕ್ಕೆ ಬಗ್ಗಿಸಿ ಕುಡಿಯುವ ತೆಳುವಾದ ಪದಾರ್ಥ. ಶೊಲೆ ಜರ್ದ್ ಬಟ್ಟಲಿನಲ್ಲಿ ಆರಿ ಗಟ್ಟಿಯಾಗುತ್ತದೆ, ಮೇಲೆ ಅಕ್ಷರ ಬರೆಯುವಷ್ಟು ಗಟ್ಟಿಯಾಗುತ್ತದೆ. ಇದಲ್ಲದೆ ಹಾಲಿನಲ್ಲಿ ಅಕ್ಕಿ ಬೇಯಿಸುವ ಬೇರೆಯದೇ ಅಡುಗೆ ಇರಾನಿನಲ್ಲಿದ್ದು, ಅದರ ಹೆಸರು ‘ಶೀರ್ ಬೆರೆಂಜ್’. ‘ಶೀರ್’ ನಮ್ಮ ‘ಕ್ಷೀರ’ದ ಬಂಧು, ‘ಬೆರೆಂಜ್’ ಎಂದರೆ ಅಕ್ಕಿ, ಅದನ್ನು ಸಂಸ್ಕೃತದ ‘ವ್ರೀಹಿ’ಗೆ ಹೊಂದಿಸಿ ನೋಡುವುದುಂಟು. ಪಾಯಸ ಎಂಬ ಪದವನ್ನು ಶೊಲೆ ಜರ್ದ್‌ಗೆ ಕೊಟ್ಟುಬಿಟ್ಟರೆ, ಅಚ್ಚುಕಟ್ಟಾಗಿ ಪಾಯಸವೇ ಆಗಿರುವ ಶೀರ್ ಬೆರೆಂಜ್‌ಗೆ ಏನೆನ್ನಬೇಕು?

ಈ ಎರಡರ ಭೇದ ಹೊಸದಲ್ಲ. ಅಕ್ಬರನ ಅಡುಗೆಮನೆಯ ವಿವರಗಳನ್ನು ದಾಖಲಿಸಿದ ಅಬುಲ್ ಫಜಲನ ‘ಆಯಿನ್-ಇ-ಅಕ್ಬರಿ’ಯಲ್ಲಿ ‘ಜರ್ದ್ ಬಿರಿಂಜ್’ ಮತ್ತು ‘ಶೀರ್ ಬಿರಿಂಜ್’ ಬೇರೆ ಬೇರೆಯಾಗಿಯೇ ಬರುತ್ತವೆ. ಮೊದಲನೆಯದಕ್ಕೆ 10 ಸೇರು ಅಕ್ಕಿ, 5 ಸೇರು ಕಲ್ಲುಸಕ್ಕರೆ, ಮೂರೂವರೆ ಸೇರು ತುಪ್ಪ, ಜೊತೆಗೆ ಕೇಸರಿ, ಹಾಲಿನ ಮಾತಿಲ್ಲ. ಎರಡನೆಯದಕ್ಕೆ 10 ಸೇರು ಹಾಲಿಗೆ 1 ಸೇರು ಅಕ್ಕಿ. ಅಳತೆಯನ್ನು ನೋಡಿದರೆ ಆ ಜರ್ದ್ ಬಿರಿಂಜ್ ಇಂದಿನ ಶೊಲೆ ಜರ್ದ್‌ಗಿಂತ, ಕಲಬುರಗಿ, ಬೀದರ್ ಕಡೆಯ ಮುಸ್ಲಿಮರ ಮದುವೆಯೂಟದಲ್ಲಿ ಬಡಿಸುವ, ಅಗುಳು ಅಗುಳಾಗಿ ಉದುರುವ ‘ಜರ್ದಾ’ ಎಂಬ ಸಿಹಿಯನ್ನಕ್ಕೆ ಹತ್ತಿರ. ಹಾಗಾಗಿ ‘ಜರ್ದಾ’ ಎಂಬ ಸಿದ್ಧಪದವನ್ನೂ ನಾವು ಇಲ್ಲಿ ಬಳಸುವಂತಿಲ್ಲ. ಎಲೆಅಡಿಕೆಯೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪಿನ ಜರ್ದಾ ಬಹುಪಾಲು ಕನ್ನಡಿಗರ ನೆನಪಿಗೆ ಮೊದಲು ಬರುವುದೂ ಇನ್ನೊಂದು ಅಡ್ಡಿ.

ಈಗ ‘ಶೊಲೆ’ಯನ್ನು ನೋಡೋಣ. ಪರ್ಷಿಯನ್ ಭಾಷೆಯಲ್ಲಿ ‘ಶೊಲ್’ ಎಂದರೆ ಸಡಿಲವಾದದ್ದು, ಮೆತ್ತಗಿನದು. ಕಾಳಿನ ಆಕಾರ ಕರಗುವಷ್ಟು ಮೆತ್ತಗೆ ಬೇಯಿಸಿದ ಅಡುಗೆ ‘ಶೊಲೆ’. ಮಶ್ಹದ್ ನಗರದಲ್ಲಿ ಮಾಂಸ, ಬೇಳೆಕಾಳು, ಧಾನ್ಯಗಳನ್ನು ಗಂಟೆಗಟ್ಟಲೆ ಬೇಯಿಸಿ ಮಸೆದು ಮಾಡುವ ಖಾರದ ಅಡುಗೆಯೂ ಶೊಲೆಯೇ. ಎಂದರೆ ಆ ಪದ ಸಿಹಿಯನ್ನು ಸೂಚಿಸುವುದಿಲ್ಲ, ಖಾರವನ್ನೂ ಸೂಚಿಸುವುದಿಲ್ಲ. ಬೆಂದ ಹದವನ್ನಷ್ಟೇ ಸೂಚಿಸುತ್ತದೆ. ಕನ್ನಡದಲ್ಲಿ ಇದೇ ನಡೆಯ ಪದ ಯಾವುದು ಎಂದು ಹುಡುಕಿದರೆ ‘ಹುಗ್ಗಿ’ಯೊಂದೇ ನನಗೆ ಕಾಣುತ್ತದೆ. ಉತ್ತರ ಕರ್ನಾಟಕದ ಗೋಧಿ ಹುಗ್ಗಿ ಬೆಲ್ಲದ್ದು, ಸಂಕ್ರಾಂತಿಯ ದಿನ ಅಕ್ಕಿ-ಹೆಸರುಬೇಳೆಯಿಂದ ಸಿಹಿ ಹುಗ್ಗಿಯನ್ನೂ ಮಾಡುತ್ತೇವೆ, ಮೆಣಸು-ಜೀರಿಗೆ ಹಾಕಿ ಖಾರದ ಹುಗ್ಗಿಯನ್ನೂ ಮಾಡುತ್ತೇವೆ. ಸಾಮಗ್ರಿ ಬದಲಾದರೂ ರುಚಿ ಬದಲಾದರೂ ಹದ ಹುಗ್ಗಿಯದೇ. ಆದ್ದರಿಂದ ‘ಶೊಲೆ’ಗೆ ‘ಹುಗ್ಗಿ’ ಎಂಬುದು ಅಂದಾಜಿನ ಸಮಾನಪದವಲ್ಲ, ಅರ್ಥದ ವ್ಯಾಪ್ತಿಯಲ್ಲೂ ಸರಿಹೊಂದುವ ಪದ ಎಂಬುದು ನನ್ನ ವಾದ.

ಬರೆಯುವ ರೀತಿಯ ಬಗ್ಗೆಯೂ ಒಂದು ಮಾತು. ಹಿಂದಿ-ಉರ್ದುವಿನ ಬಳಕೆ ಇರುವವರು ‘ಶೋಲೆ’ ಎಂದು ಓದಿದ ಕೂಡಲೇ ಬೆಂಕಿಯ ನಾಲಗೆ ಎಂದುಕೊಳ್ಳುತ್ತಾರೆ; ಈ ತಿನಿಸಿಗೆ ‘ಹಳದಿ ಜ್ವಾಲೆ’ ಎಂಬ ವಿವರಣೆ ಕೊಟ್ಟದ್ದನ್ನು ಒಮ್ಮೆ ಕೇಳಿ ನನಗೆ ಬೇಸರವಾಯಿತು. ಜ್ವಾಲೆಯ ಪದ ಅರಬ್ಬಿಯಿಂದ ಬಂದದ್ದು, ಅದರ ನಡುವೆ ‘ಐನ್’ ಅಕ್ಷರವಿದೆ, ಇರಾನಿಗಳ ಆಡುಮಾತಿನಲ್ಲಿ ಆ ಐನ್ ಹಿಂದಿನ ಸ್ವರವನ್ನು ದೀರ್ಘವಾಗಿಸುತ್ತದೆ. ತಿನಿಸಿನ ಪದದಲ್ಲಿ ಐನ್ ಇಲ್ಲ, ಸ್ವರವೂ ಹ್ರಸ್ವ. ಹ್ರಸ್ವ ಒಕಾರವನ್ನೂ ದೀರ್ಘ ಓಕಾರವನ್ನೂ ಬೇರೆ ಬೇರೆಯಾಗಿ ಬರೆಯುವ ಸೌಲಭ್ಯ ಕನ್ನಡ ಲಿಪಿಗೆ ಸಹಜವಾಗಿಯೇ ಇರುವಾಗ ನಾವು ಅದನ್ನು ಬಿಡಬಾರದು. ‘ಶೋಲೆ’ ಜ್ವಾಲೆ, ‘ಶೊಲೆ’ ಹುಗ್ಗಿ: ಒಂದು ದೀರ್ಘದ ಅಂತರದಲ್ಲಿ ಗೊಂದಲ ತೀರುತ್ತದೆ.

‘ಜರ್ದ್’ ಎಂದರೆ ಹಳದಿ. ಈ ಪದದ ಬಳಗ ನಮಗೆ ಅಪರಿಚಿತವಲ್ಲ. ಇರಾನಿ ಭಾಷೆಗಳ ಜ಼ಕಾರಕ್ಕೆ ಸಂಸ್ಕೃತದಲ್ಲಿ ಹಲವೆಡೆ ಹಕಾರ ನಿಲ್ಲುವುದರಿಂದ ‘ಜರ್ದ್’ ಮತ್ತು ‘ಹರಿತ’ ಒಂದೇ ಬೇರಿನವು. ‘ಜರ್’ ಎಂದರೆ ಚಿನ್ನ, ಅದರ ಹಳೆಯ ರೂಪ ‘ಹಿರಣ್ಯ’ದ ಬಂಧು. ರೇಷ್ಮೆ ಸೀರೆಯ ‘ಜರಿ’ ಆ ‘ಜರ್’ನಿಂದಲೇ ನಮ್ಮಲ್ಲಿಗೆ ಬಂದದ್ದು. ಅರಿಸಿನಕ್ಕೆ ಪರ್ಷಿಯನ್‌ನಲ್ಲಿ ‘ಜರ್ದ್‌ಚೂಬೆ’, ಹಳದಿ ಕಡ್ಡಿ, ಎನ್ನುತ್ತಾರೆ. ನಮ್ಮ ‘ಅರಿಸಿನದ ಕೊಂಬು’ ನೆನಪಾಗುತ್ತದೆ. ಹೆಸರಿನಲ್ಲಿರುವುದು ಬಣ್ಣವೇ ಹೊರತು ಕೇಸರಿಯಲ್ಲ ಎಂಬ ಕಾರಣಕ್ಕೆ ‘ಹಳದಿ ಹುಗ್ಗಿ’ ಎಂದು ಬರೆಯಬಹುದೇ ಎಂದು ಬಹಳ ಯೋಚಿಸಿದೆ. ಆದರೆ ಕನ್ನಡದ ಓದುಗರು ಅದನ್ನು ಅರಿಸಿನ ಹಾಕಿದ ಹುಗ್ಗಿ ಎಂದೇ ತಿಳಿಯುತ್ತಾರೆ, ಅಡುಗೆಯ ಜೀವವೇ ಆಗಿರುವ ಕೇಸರಿ ಮರೆಯಾಗುತ್ತದೆ.

ಇನ್ನು ‘ಕೇಸರಿ’ ಎಂದರೂ ತೊಂದರೆ ತಪ್ಪದು. ನಮ್ಮಲ್ಲಿ ಕೇಸರಿ ಎಂದರೆ ಕಾವಿಗೆ ಹತ್ತಿರದ ಬಣ್ಣ, ರವೆಯ ಕೇಸರಿಭಾತು, ಸಿಂಹ ಕೂಡ. ಸಂಸ್ಕೃತದಲ್ಲಿ ಈ ಎಸಳಿಗೆ ಸಲ್ಲುತ್ತಿದ್ದ ‘ಕುಂಕುಮ’ ಈಗ ಕನ್ನಡದಲ್ಲಿ ಹಣೆಗಿಡುವ ಕೆಂಪು ಪುಡಿಗೆ ಮೀಸಲಾಗಿದೆ. ‘ಕುಂಕುಮಕೇಸರಿ’ ಎಂಬ ಜೋಡುಪದದಲ್ಲಿ ಎರಡು ಸಂದಿಗ್ಧ ಪದಗಳು ಸೇರಿ ಒಂದು ಖಚಿತ ಅರ್ಥ ಕೊಡುತ್ತವೆ ಎಂಬುದು ನನಗೆ ಬಹಳ ಹಿಡಿಸಿದೆ. ಹಾಗಾಗಿ ಶೀರ್ಷಿಕೆಯಲ್ಲಿ ‘ಶೊಲೆ ಜರ್ದ್’ ಎಂದೇ ಉಳಿಸಿ, ಕೆಳಗೆ ‘ಇರಾನಿನ ಕೇಸರಿ ಹುಗ್ಗಿ’ ಎಂದು ಬರೆದು, ಸಾಮಗ್ರಿಯ ಪಟ್ಟಿಯಲ್ಲಿ ಮಾತ್ರ ‘ಕುಂಕುಮಕೇಸರಿ’ ಎನ್ನಲು ನಿರ್ಧರಿಸಿದ್ದೇನೆ.

ಸಾಮಗ್ರಿಯ ವಿಷಯ ಬಂದದ್ದರಿಂದ ಮುಖ್ಯವಾದ ಒಂದು ಎಚ್ಚರಿಕೆ. ಇದಕ್ಕೆ ಬೇಕಾದ ‘ಗೊಲಾಬ್’ ಎಂದರೆ ‘ಗೊಲ್’ ಹೂವು, ‘ಆಬ್’ ನೀರು. ಕಾಶಾನ್ ಬಳಿಯ ಕಮ್ಸರ್ ಇದನ್ನು ಬಟ್ಟಿಯಿಳಿಸುವುದಕ್ಕೆ ಹೆಸರಾದ ಊರು. ಆ ಪದ ಕನ್ನಡಕ್ಕೆ ಬರುವಾಗ ನೀರನ್ನು ಬಿಟ್ಟು ಹೂವಿಗೇ ಅಂಟಿಕೊಂಡು ‘ಗುಲಾಬಿ’ಯಾಯಿತು. ನೀರಿಗೆ ನಮ್ಮಲ್ಲಿ ‘ಪನ್ನೀರು’ ಎಂಬ ಸೊಗಸಾದ ಪದವಿದೆ. ಆದರೆ ಹಾಲೊಡೆಸಿ ಮಾಡುವ ‘ಪನೀರ್’ ಮನೆಮನೆಯ ಮಾತಾಗಿರುವ ಈ ಕಾಲದಲ್ಲಿ, ‘ಕಾಲು ಲೋಟ ಪನ್ನೀರು’ ಎಂದು ಬರೆದದ್ದನ್ನು ಓದಿ ನನ್ನ ಸೋದರಸೊಸೆ ಪನೀರನ್ನು ತುರಿದಿಟ್ಟುಕೊಂಡು ನನಗೆ ಫೋನ್ ಮಾಡಿದಳು. ತಪ್ಪು ಅವಳದಲ್ಲ. ‘ಗುಲಾಬಿ ಪನ್ನೀರು’ ಎಂದು ಬರೆದರೆ ಸಾಕೆಂದುಕೊಂಡಿದ್ದೇನೆ. ಪನ್ನೀರನ್ನು ಕೈಬಿಟ್ಟು ‘ರೋಸ್ ವಾಟರ್’ ಎನ್ನಲು ನನಗೆ ಮನಸ್ಸಿಲ್ಲ.

ಇನ್ನೆರಡು ಪದಗಳು ಸುಲಭವಾಗಿ ಕುದುರಿದವು. ‘ನೀಮ್‌ದಾನೆ’, ಅರ್ಧಕಾಳು, ಎಂದರೆ ನಮ್ಮ ನುಚ್ಚಕ್ಕಿಯೇ. ಮೆತ್ತಗಾಗಬೇಕಾದ ಅಡುಗೆಗೆ ಅಲ್ಲಿಯೂ ಅದನ್ನೇ ಬಳಸುತ್ತಾರೆ. ‘ಖಲಾಲೆ ಬಾದಾಮ್’ ಎಂದರೆ ಹಲ್ಲುಕಡ್ಡಿಯಂತೆ ಸಣ್ಣಗೆ ಸೀಳಿದ ಬಾದಾಮಿ. ‘ಸೀಳು ಬಾದಾಮಿ’ ಎಂದಿದ್ದೇನೆ.

‘ನಜ್ರಿ’ ಎಂಬ ಪದ ಇಷ್ಟು ಸುಲಭವಲ್ಲ. ಶೊಲೆ ಜರ್ದ್ ಅನ್ನು ಇರಾನಿನಲ್ಲಿ ಹಲವರು ಹರಕೆ ಹೊತ್ತು, ಮೊಹರಂ, ಸಫರ್ ತಿಂಗಳುಗಳಲ್ಲಿ, ರಂಜಾನಿನಲ್ಲಿ ದೊಡ್ಡ ಪಾತ್ರೆಗಳಲ್ಲಿ ಮಾಡಿ ನೆರೆಹೊರೆಗೆ ಹಂಚುತ್ತಾರೆ. ದಾಲ್ಚಿನ್ನಿಯಿಂದ ಬರೆಯುವುದು ಹೆಚ್ಚಾಗಿ ‘ಯಾ ಹುಸೇನ್’, ‘ಯಾ ಅಲಿ’ ಎಂಬಂತಹ ಸ್ಮರಣೆಗಳನ್ನು. ಹಾಗೆ ಹಂಚುವ ಅಡುಗೆ ‘ನಜ್ರಿ’. ಕನ್ನಡದ ‘ನಜರಾಣೆ’ ಇದೇ ಮೂಲದ್ದು, ‘ನಜರು’ ಎಂಬ ದೃಷ್ಟಿವಾಚಕ ಬೇರೆ ಮೂಲದ್ದು. ಅರಬ್ಬಿಯಲ್ಲಿ ಎರಡರ ವ್ಯಂಜನವೇ ಬೇರೆ, ಕನ್ನಡದ ಕಿವಿಗೆ ಮಾತ್ರ ಒಂದಾಗಿವೆ. ‘ಪ್ರಸಾದ’ ಎಂದರೆ ದೇವರಿಗೆ ನಿವೇದಿಸಿದ್ದು ಎಂಬ ಅರ್ಥ ಬರುವುದರಿಂದ ಅದನ್ನು ಒಪ್ಪಲಾರೆ. ‘ಹರಕೆಯಡುಗೆ’ ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ, ಜನರ ಬಾಯಲ್ಲಿ ನಿಜವಾಗಿ ಇರುವ ಪದ ಯಾರಿಗಾದರೂ ಗೊತ್ತಿದ್ದರೆ, ವಿಶೇಷವಾಗಿ ಮೊಹರಂ ಆಚರಣೆ ಬಲವಾಗಿರುವ ಉತ್ತರ ಕರ್ನಾಟಕದ ಸದಸ್ಯರು, ದಯವಿಟ್ಟು ತಿಳಿಸಿ.

ಕೊನೆಗೆ ಮಾಡುವ ಬಗೆ, ನನ್ನ ದೊಡ್ಡ ಪ್ರಶ್ನೆ ಇರುವುದು ಅಲ್ಲಿಯೇ. ಕೇಸರಿಯ ಎಸಳುಗಳನ್ನು ಚಿಟಿಕೆ ಸಕ್ಕರೆಯೊಂದಿಗೆ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಸ್ವಲ್ಪ ಬಿಸಿನೀರಿನಲ್ಲಿ ಹಾಕಿ ಮುಚ್ಚಿಡುತ್ತಾರೆ. ಇದಕ್ಕೆ ‘ದಮ್ ಕರ್ದನ್’ ಎನ್ನುತ್ತಾರೆ. ‘ದಮ್’ ಎಂದರೆ ಉಸಿರು, ನಮ್ಮ ದಮ್ ಬಿರಿಯಾನಿಯ ದಮ್ಮೇ. ಕೆಂಪೆಸಳು ಬಿಟ್ಟ ನೀರು ಹೊನ್ನಿನ ಹಳದಿಯಾಗುತ್ತದೆ. 1 ಲೋಟ ನುಚ್ಚಕ್ಕಿಯನ್ನು ತೊಳೆದು ನೆನೆಸಿ, 8 ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ, ಅಗುಳು ಪೂರ್ತಿ ಒಡೆಯುವವರೆಗೆ ಬೇಯಿಸಬೇಕು. ಆಮೇಲಷ್ಟೇ ಒಂದೂವರೆ ಲೋಟ ಸಕ್ಕರೆ. ಮೊದಲೇ ಹಾಕಿದರೆ ಅಕ್ಕಿ ಮುಂದೆ ಮೆತ್ತಗಾಗದೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ಹುಗ್ಗಿಗೆ ಬೆಲ್ಲ ಹಾಕಿ ಬಲ್ಲ ಎಲ್ಲರೂ ಒಪ್ಪುತ್ತಾರೆ. ನಂತರ ಕೇಸರಿ ನೀರು, 50 ಗ್ರಾಂ ಬೆಣ್ಣೆ, ಏಲಕ್ಕಿ, ಸೀಳು ಬಾದಾಮಿ, ಪನ್ನೀರು. ಇಷ್ಟಾದ ಮೇಲೆ ಪಾತ್ರೆಯನ್ನು ಮುಚ್ಚಿ, ಕೈಯಾಡಿಸದೆ, ಅತಿ ಸಣ್ಣ ಉರಿಯ ಮೇಲೆ ಅರ್ಧ ಗಂಟೆ ಬಿಡಬೇಕು. ಆ ಅರ್ಧ ಗಂಟೆಯಲ್ಲಿ ನಡೆಯುವುದಕ್ಕೆ ಪರ್ಷಿಯನ್‌ನಲ್ಲಿ ‘ಜಾ ಒಫ್ತಾದನ್’ ಎಂಬ ನುಡಿಗಟ್ಟಿದೆ. ಪದಶಃ ‘ಜಾಗದಲ್ಲಿ ಬೀಳುವುದು’. ನೀರು, ಅಕ್ಕಿ, ಸಕ್ಕರೆ, ಬೆಣ್ಣೆ ಬೇರೆ ಬೇರೆಯಾಗಿ ಉಳಿಯದೆ ಒಂದೇ ಪದಾರ್ಥವಾಗುವ ಗಳಿಗೆ ಅದು. ಆಗದಿದ್ದರೆ ಬಟ್ಟಲಿಗೆ ಬಗ್ಗಿಸಿದ ಮೇಲೆ ನೀರು ಬಿಟ್ಟುಕೊಳ್ಳುತ್ತದೆ.

‘ಹದಕ್ಕೆ ಬರುವುದು’ ಎಂದು ಬರೆದು ಹೊಡೆದುಹಾಕಿದೆ. ಹದ ಎಂಬುದು ಪಾಕಕ್ಕೂ ಹಿಟ್ಟಿಗೂ ನೆಲಕ್ಕೂ ಸಲ್ಲುವ ವಿಶಾಲ ಪದ. ‘ಕೂಡಿಕೊಳ್ಳುವುದು’ ಎಂದರೆ ಬೆರೆಯುವುದಷ್ಟೇ ಆಗುತ್ತದೆ. ಕಳೆದ ವಾರ ತಾಯಿಯವರು ಮುಚ್ಚಳ ತೆಗೆದು, ಸೌಟಿನ ಬೆನ್ನಿನಿಂದ ಮೇಲ್ಮೈಯನ್ನು ಮೆಲ್ಲನೆ ಒತ್ತಿ ನೋಡಿ, ‘ಈಗ ಹೊಂದಿಕೊಂಡಿದೆ, ಇಳಿಸು’ ಎಂದರು. ಸದ್ಯಕ್ಕೆ ‘ಹೊಂದಿಕೊಳ್ಳುವುದು’ ಎಂದೇ ಇಟ್ಟಿದ್ದೇನೆ. ಸಾರು, ಗೊಜ್ಜು, ಹುಗ್ಗಿಗಳು ಉರಿಯ ಮೇಲೆ ಈ ಸ್ಥಿತಿಗೆ ಬಂದಾಗ ನಿಮ್ಮ ಊರಿನಲ್ಲಿ, ನಿಮ್ಮ ಮನೆಯ ಹಿರಿಯರು ಯಾವ ಕ್ರಿಯಾಪದವನ್ನು ಬಳಸುತ್ತಾರೆ? ಕರಾವಳಿ, ಮಲೆನಾಡು, ಬಯಲುಸೀಮೆ, ಯಾವ ಕಡೆಯ ಮಾತಾದರೂ ಸರಿ, ಅವರು ಆಡಿದ ಹಾಗೆಯೇ ಬರೆದು ಕಳಿಸಿ.