ಗ್ಲಾಕೋಮಾದ ಎರಡು ಒತ್ತಡಗಳು: ಒಂದಕ್ಕೆ ಬೇರೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ದೃಷ್ಟಿನರ ಸವೆದು ನೋಟ ಕುಂದಿಸುವ ಗ್ಲಾಕೋಮಾ ಕುರಿತು ರೋಗಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆಕ್ಸಿಡೇಟಿವ್ ಸ್ಟ್ರೆಸ್ ಎಂಬಲ್ಲಿಗೆ ಬಂದು ಕೈ ನಿಂತಿದೆ. 'ಉತ್ಕರ್ಷಣ ಒತ್ತಡ' ಎಂದು ಬರೆದು, ರಾತ್ರಿ ತಪ್ಪದೆ ಕಣ್ಣಿಗೆ ಹನಿ ಹಾಕಿಕೊಳ್ಳುವ ಅಮ್ಮನಿಗೆ ಓದಲು ಕೊಟ್ಟೆ. "ಕಣ್ಣಿನ ಒತ್ತಡ ಸರಿಯಾಗಿದ್ದರೂ ಉತ್ಕರ್ಷಣ ಒತ್ತಡದಿಂದ ನರ ಹಾಳಾಗಬಹುದು" ಎಂಬ ಸಾಲಿನ ಮೇಲೆ ಬೆರಳಿಟ್ಟು, "ಸರಿಯಾಗಿದೆ ಎಂದ ಮೇಲೆ ಇದು ಯಾವ ಒತ್ತಡ?" ಎಂದರು.

ತಪ್ಪು ಅವರದಲ್ಲ. ಈ ಕಾಯಿಲೆಯಲ್ಲಿ ಒತ್ತಡವೆಂದರೆ ಡಾಕ್ಟರು ಅಳೆದು ಹೇಳುವ ಸಂಖ್ಯೆ. ಪಾದರಸದ 10ರಿಂದ 21 ಮಿಲಿಮೀಟರ್ ಅದರ ಸಾಮಾನ್ಯ ಮಿತಿ. ಆ ಮಿತಿಯೊಳಗೇ ಇದ್ದೂ ದೃಷ್ಟಿನರ ಸವೆಯುವವರಿದ್ದಾರೆ. ಎರಡನೆಯ ಸ್ಟ್ರೆಸ್‌ನ ಮಾತು ಬರುವುದು ಅಲ್ಲಿಯೇ. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಈ ಪರಿಕಲ್ಪನೆಗೆ ರೂಪ ಕೊಟ್ಟಾಗ ಹೇಳಿದ್ದು ತಕ್ಕಡಿ ವಾಲುವುದನ್ನು: ಜೀವಕೋಶದೊಳಗೆ ಹುಟ್ಟುವ ಆಮ್ಲಜನಕದ ಉಗ್ರ ರೂಪಗಳು ಒಂದು ಕಡೆ, ಅವನ್ನು ತಣಿಸುವ ವ್ಯವಸ್ಥೆ ಇನ್ನೊಂದು ಕಡೆ. ಮೊದಲನೆಯದು ಮೇಲುಗೈಯಾದರೆ ಹಾನಿ. ಇಲ್ಲಿ ಒತ್ತುವುದು, ಅದುಮುವುದು ಏನೂ ಇಲ್ಲ.

ಫಜೀತಿಯೆಂದರೆ, ಇವೆರಡೂ ಒಂದನ್ನೊಂದು ಬೆಳೆಸುತ್ತವೆ. ಕಣ್ಣೊಳಗಿನ ದ್ರವ ಹೊರಹೋಗುವ ಜಾಲರಿಯ ಕೋಶಗಳು ಉತ್ಕರ್ಷಣದಿಂದ ಕೆಟ್ಟರೆ ಹರಿವಿಗೆ ಅಡ್ಡಿಯಾಗಿ ಒತ್ತಡ ಏರಬಹುದು; ಏರಿದ ಒತ್ತಡ ಅಕ್ಷಿಪಟಲದ ನರಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳನ್ನು ಬಳಲಿಸಿ ಅಲ್ಲಿಯೂ ಉತ್ಕರ್ಷಣ ಹೆಚ್ಚಿಸುತ್ತದೆ. ಎರಡಕ್ಕೂ ಒಂದೇ ಪದ ಬಳಸಿ ಇದನ್ನು ಬರೆದು ನೋಡಿ, ನಗು ಬರುತ್ತದೆ.

'ಉತ್ಕರ್ಷಣ'ವೂ ನನಗೆ ಒಗ್ಗುತ್ತಿಲ್ಲ. ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಓದಿದವರಿಗೆ ಸರಿ. ಉಳಿದವರಿಗೆ ಉತ್ಕರ್ಷವೆಂದರೆ ಏಳಿಗೆ. ಕಣ್ಣಿಗೆ ಏಳಿಗೆಯ ಒತ್ತಡ!

'ಪೀಡನೆ' ಎನ್ನೋಣವೆಂದರೆ ಪೊಲೀಸ್ ಠಾಣೆಯ ವಾಸನೆ. 'ಹೊರೆ' ನನಗೆ ಇಷ್ಟವಾಯಿತು. ತಾಳಿಕೊಳ್ಳುವ ಶಕ್ತಿಗೆ ಮೀರಿದ್ದು ಎಂಬ ಅರ್ಥ ಅದರಲ್ಲಿ ತಾನಾಗಿ ಇದೆ. ಆದರೆ ಒಂದಕ್ಷರದಾಚೆ 'ಪೊರೆ' ಕಾದು ಕುಳಿತಿದೆ. ಅಚ್ಚಿನ ತಪ್ಪಿನಿಂದ ಹೊರೆ ಪೊರೆಯಾದರೆ ಗ್ಲಾಕೋಮಾ ರೋಗಿ ಪೊರೆ ತೆಗೆಸಲು ಹೊರಡುತ್ತಾನೆ. (ಹಳಗನ್ನಡದಲ್ಲಿ ಹೊರೆಯೂ 'ಪೊಱೆ'ಯೇ, ಆಗ ಇವೆರಡನ್ನು ಶಕಟರೇಫ, ಅಂದರೆ 'ಱ' ಅಕ್ಷರ, ಬೇರೆಯಾಗಿ ಕಾಯುತ್ತಿತ್ತು, ಈಗ ಆ ಕಾವಲೂ ಇಲ್ಲ.)

ಅಡುಗೆಮನೆಯ ಪದವೊಂದು ತಲೆಯಲ್ಲಿ ಸುಳಿಯುತ್ತಿದೆ: ಕಮಟು. ಹಳೆಯ ಎಣ್ಣೆ, ಕೊಬ್ಬರಿ ಕಮಟಾಗುವುದು ಅವುಗಳ ಕೊಬ್ಬಿನಂಶಕ್ಕೆ ಆಮ್ಲಜನಕ ತಗುಲಿ. ಕೋಶಪೊರೆಯ ಕೊಬ್ಬು ಕೆಡುವುದೂ ಅದೇ ಬಗೆಯ ಕ್ರಿಯೆಯಿಂದ. ಉತ್ಕರ್ಷಣಕ್ಕೆ ಕೊಡುವ ಕಬ್ಬಿಣದ ತುಕ್ಕಿನ ಹೋಲಿಕೆಗಿಂತ ಇದು ದೇಹಕ್ಕೆ ಹತ್ತಿರ. 'ಕಮಟುಹೊರೆ' ಎಂದರೆ ವೈದ್ಯರು ಒಪ್ಪುವರೇ, ಇಲ್ಲ ಮೂಗು ಮುಚ್ಚಿಕೊಳ್ಳುವರೇ? ನಿಮ್ಮ ಕಡೆ ಕೆಟ್ಟ ಕೊಬ್ಬರಿಗೆ ಬೇರೆ ಮಾತಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.